ನಿನ್ನ ಅಳತೆಯ ಕೋಟು

ಸಭೆಗಳಲ್ಲಿ ಹಿರಿಯ ಹೋರಾಟಗಾರ ಅನ್ನಿಸಿಕೊಳ್ಳುವ ನನ್ನ ಮೈದುನನಿಗೆ,

ನಿನ್ನ ಆತ್ಮಕಥೆ ಬಂತು. ಜೊತೆಗೆ ಕಡುನೀಲಿ ಕೋಟಿನ ಬಟ್ಟೆಯೂ ಬಂತು, ಕಾರ್ಯದರ್ಶಿ ಟೈಪು ಮಾಡಿ ನೀನು ಸಹಿ ಮಾತ್ರ ಎಳೆದ ಒಂದು ಕಾಗದವೂ ಬಂತು. ಮೂರು ಬೀದಿ ಆಚೆ ಇರುವ ಅತ್ತಿಗೆಗೆ ಒಂದು ಮಾತು ಹೇಳುವುದಕ್ಕೂ ನಿನಗೆ ಕಾರ್ಯದರ್ಶಿ ಬೇಕು. ಇರಲಿ. ಭಾನುವಾರ ಪುರಭವನದಲ್ಲಿ ಪುಸ್ತಕದ ಸಮಾರಂಭವಂತೆ, ನನ್ನ ಕೈಯಲ್ಲಿ ಹೊಲಿದ ಕೋಟನ್ನೇ ಹಾಕಿಕೊಂಡು ನೀನು ವೇದಿಕೆ ಹತ್ತಬೇಕಂತೆ. ಅಳತೆ ಕೊಡಲು ಬರುವಷ್ಟು ಪುರುಸೊತ್ತು ಇಲ್ಲವಂತೆ. ‘ನನ್ನ ಅಳತೆ ನಿಮ್ಮ ಪುಸ್ತಕದಲ್ಲಿ ಇದ್ದೇ ಇರುತ್ತದೆ’ ಎಂದು ಬರೆಸಿದ್ದೀಯ.

ಇದೆ ಕಣಪ್ಪ, ಇದೆ. ಅಳತೆ ಪುಸ್ತಕದ ಮೂಲೆಗಳು ಗುಂಡಗಾಗಿವೆ, ಹಾಳೆಗಳಿಗೆ ಮೆಷಿನ್ ಎಣ್ಣೆ ಹತ್ತಿದೆ, ಆದರೆ ಒಂದು ಹಾಳೆಯೂ ಹರಿದಿಲ್ಲ. ನಿಮ್ಮಣ್ಣ ಕಲಿಸಿದ ಪದ್ಧತಿ ಅದು. ಗಿರಾಕಿ ಎಷ್ಟೇ ಹಳಬರಾಗಿರಲಿ, ಪ್ರತಿ ಸಲವೂ ಟೇಪು ಹಿಡಿದು ಅಳೆಯಬೇಕು, ತಾರೀಖು ಹಾಕಿ ಬರೆಯಬೇಕು. ‘ಮನುಷ್ಯ ಬದಲಾಗ್ತಾನೇ ಇರ್ತಾನೆ, ಹಳೆ ಅಳತೆ ನಂಬ್ಕೊಂಡು ಬಟ್ಟೆ ಕತ್ತರಿಸಬಾರದು’ ಅನ್ನುತ್ತಿದ್ದರು. ಆ ಮಾತು ನಿನಗೆ ಹೊಂದಿದಷ್ಟು ಇನ್ಯಾರಿಗೂ ಹೊಂದಲಿಲ್ಲ ನೋಡು.

ಸರಕಾರಗಳು ಒಂದರ ಮೇಲೊಂದು ಉರುಳಿದ ಆ ಹತ್ತು ವರ್ಷದ ಬಗ್ಗೆ ನೀನು ನಾನೂರು ಪುಟ ಬರೆದಿದ್ದೀಯ. ನಾನು ಅದನ್ನೆಲ್ಲ ಅಂಗಡಿಯ ಬಾಗಿಲಿನಿಂದ ನೋಡಿದವಳು. ಮೊದಲ ವರ್ಷ ಹುಡುಗರೆಲ್ಲ ಉದ್ದ ಕೂದಲು ಬಿಟ್ಟು, ಪಾದ ಮುಚ್ಚುವಷ್ಟು ಅಗಲದ ಪ್ಯಾಂಟು ಹೊಲಿಸಿಕೊಂಡು, ಬೀದಿಯಲ್ಲಿ ಹಾಡಿಕೊಂಡು ಹೋದರು. ಮೂರನೇ ವರ್ಷ ಸೇನಾಧಿಕಾರಿಗಳು ಬಂದರು. ನಾಟಕ ನಿಂತಿತು, ಪತ್ರಿಕೆಗಳು ಖಾಲಿ ಕಾಲಂ ಬಿಟ್ಟು ಅಚ್ಚಾದವು, ಪ್ಯಾಂಟಿನ ಕಾಲಿನ ಸುತ್ತಳತೆ ಹದಿನಾರು ಇಂಚು ಮೀರಬಾರದೆಂದು ದರ್ಜಿಗಳಿಗೆ ಸುತ್ತೋಲೆ ಬಂತು. ಇನ್ಸ್‌ಪೆಕ್ಟರ್ ತನ್ನದೇ ಟೇಪು ತಂದು ನಮ್ಮ ಅಂಗಡಿಯಲ್ಲಿ ಮಂಡಿಯೂರಿ ಕೂತು ಪ್ಯಾಂಟು ಅಳೆಯುತ್ತಿದ್ದ. ದೇಶ ಆಳುವುದಕ್ಕೆ ಬಂದವರು ನಮ್ಮ ಕೆಲಸ ಕಲಿಯಲು ಕೂತಿದ್ದರು, ಅದೂ ನೆಟ್ಟಗೆ ಬರಲಿಲ್ಲ. ಆರನೇ ವರ್ಷ ಅವರು ಹೋಗಿ ವ್ಯಾಪಾರಸ್ಥರ ಪಕ್ಷ ಬಂತು. ನಮ್ಮ ಬೀದಿಯ ಹೆಸರು ಅಷ್ಟರೊಳಗೆ ಮೂರು ಸಲ ಬದಲಾಗಿತ್ತು. ಅಂಚೆಯವನು ಬೇಸತ್ತು ‘ದರ್ಜಿ ಬೀದಿ’ ಅಂತಲೇ ಕೂಗುತ್ತಿದ್ದ.

ಯಾರು ಬಂದರೂ ನಾವು ಅವರಿಗೆ ಹೊಲಿದೆವು. ತೋಳಿನ ಪಟ್ಟಿ, ಸಮವಸ್ತ್ರ, ಬಾವುಟ, ಎಲ್ಲವನ್ನೂ. ಆ ವಿಷಯದಲ್ಲಿ ನನ್ನ ಮೇಲೂ ನನಗೆ ಅಸಹ್ಯವಿದೆ. ಆದರೆ ನಾನು ಹೊಲಿದೆ ಅಷ್ಟೆ. ನೀನು ಒಂದೊಂದನ್ನೂ ಹಾಕಿಕೊಂಡು ಮೆರೆದೆ.

ಈಗ ನಾಲ್ಕನೇ ವರ್ಷಕ್ಕೆ ಬರುತ್ತೇನೆ. ನಿನ್ನ ಪುಸ್ತಕದಲ್ಲಿ ಅದು ಏಳನೇ ಅಧ್ಯಾಯ. ಎದೆ ಝಲ್ಲೆನ್ನುವ ಹಾಗೆ ಬರೆದಿದ್ದೀಯ, ನಿಜ. ಬೂಟುಗಾಲಿನ ಸದ್ದು, ಜೀಪು, ಕಬ್ಬಿಣದ ಬಾಗಿಲು. ಅಲ್ಲಿ ಇರದಿದ್ದವನಿಗೆ ಇಷ್ಟೆಲ್ಲ ಹೇಗೆ ನೆನಪಿರುತ್ತದೋ!

ಅಲ್ಲಿದ್ದವಳು ಹೇಳುತ್ತೇನೆ ಕೇಳು. ಸೇನೆಯವರು ಹುಡುಕುತ್ತಿದ್ದಾರೆಂದು ನೀನು ಆಗ ಪಾತ್ರೆ ಅಂಗಡಿಯವನ ಅಟ್ಟದ ಮೇಲೆ ಅಡಗಿದ್ದೆ. ದೊಡ್ಡ ಮನುಷ್ಯನ ಹಾಗೆ ಕೋಟು ತೊಟ್ಟು ರೈಲು ಹತ್ತಿ ಪಾರಾಗಬೇಕು ಎನ್ನುವುದು ನಿನ್ನದೇ ಉಪಾಯ. ಆ ಬೂದು ಕೋಟನ್ನು ನಿಮ್ಮಣ್ಣ ಹೊಲಿಯುತ್ತಿದ್ದರು. ನಿಮ್ಮಿಬ್ಬರದೂ ಒಂದೇ ಅಳತೆ, ಎದೆ ಮೂವತ್ತಾರು, ಸೊಂಟ ಮೂವತ್ತು. ಹಾಗಾಗಿ ಅವರೇ ತೊಟ್ಟು ಟ್ರಯಲ್ ನೋಡಿದರು. ಒಂದು ತೋಳಿಗೆ ಇನ್ನೂ ಬರೀ ಕಚ್ಚಾ ಹೊಲಿಗೆ. ನಾನು ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು ಬೆನ್ನು ಸರಿಪಡಿಸುತ್ತಿದ್ದೆ. ‘ದಾರದ ಬಣ್ಣ ಬಿಸಿಲಲ್ಲಿ ನೋಡ್ತೀನಿ ತಡಿ’ ಅಂದು ಅವರು ಹಾಗೆಯೇ ಹೊಸ್ತಿಲು ದಾಟಿದರು. ಯಾವ ದರ್ಜಿಯಾದರೂ ದಿನಕ್ಕೆ ಹತ್ತು ಸಲ ಮಾಡುವ ಕೆಲಸ ಅದು.

ಕೋಟಿನ ಒಳಗೆ ಎಂದಿನಂತೆ ಗಿರಾಕಿಯ ಚೀಟಿ ಚುಚ್ಚಿದ್ದೆವು. ಅದರಲ್ಲಿ ನಿನ್ನ ಹೆಸರು, ನಿನ್ನ ಅಳತೆ. ಅಡಗಿರುವವನ ಹೆಸರು ಬರೆಯಬಾರದು ಎಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅಭ್ಯಾಸಬಲ. ಜೀಪು ನಿಂತಿತು. ಅಧಿಕಾರಿ ಕೋಟಿನ ಅಂಚು ಸರಿಸಿ ಚೀಟಿ ಓದಿ, ‘ಇದು ನೀನೇನಾ?’ ಅಂದ. ನಿಮ್ಮಣ್ಣ, ‘ಹೌದು, ನಾನೇ’ ಅಂದರು. ನಾನು ಕೂಗಬೇಕಿತ್ತು. ಬಾಯಲ್ಲಿ ಸೂಜಿಗಳಿದ್ದವು. ಅವನ್ನು ಅಂಗೈಗೆ ಉಗುಳುವಷ್ಟರಲ್ಲಿ ಅವರು ನನ್ನ ಕಡೆ ತಿರುಗಿ, ಬೇಡ ಎನ್ನುವಂತೆ ತಲೆಯಾಡಿಸಿದರು.

ಅಟ್ಟಕ್ಕೆ ಬಂದು ನಿನಗೆ ಹೇಳಿದಾಗ ನೀನು ನನ್ನ ಕಾಲು ಹಿಡಿದು ಅತ್ತೆ. ‘ನಾಳೆನೇ ಹೋಗಿ ಶರಣಾಗ್ತೀನಿ ಅತ್ತಿಗೆ, ಅಣ್ಣನ್ನ ಬಿಡಿಸ್ಕೊಂಡು ಬರ್ತೀನಿ’ ಅಂದೆ. ಆ ನಾಳೆ ಇನ್ನೂ ಬಂದಿಲ್ಲ. ಮರುದಿನ ನೀನು ಅಣ್ಣನ ಗುರುತಿನ ಚೀಟಿ ಜೇಬಿಗಿಳಿಸಿ, ಅಣ್ಣನ ಹೆಸರಿನಲ್ಲಿ ರೈಲು ಹತ್ತಿದೆ.

ಎಂಟು ತಿಂಗಳ ಮೇಲೆ, ರೈಲಿಳಿದ ಊರಿನ ಜವಳಿ ಸಗಟು ವ್ಯಾಪಾರಿಯ ಮನೆಯಿಂದ ನೀನು ಹೇಳಿಕಳಿಸಿದೆ. ಅವನ ಮಗಳನ್ನು ಮದುವೆಯಾಗುವವನಿದ್ದೆ, ಸೂಟಿಗೆ ಅಳತೆ ತೆಗೆಯಬೇಕಿತ್ತು. ನಾನು ಅಲ್ಲಿಗೆ ಬಂದೆ, ಅಳೆದೆ. ಅಳತೆ ಪುಸ್ತಕದಲ್ಲಿ ತಾರೀಖು ಸಮೇತ ಇದೆ, ಸೊಂಟ ಮೂವತ್ನಾಲ್ಕು. ನಿನ್ನ ಆತ್ಮಕಥೆಯ ಪ್ರಕಾರ ಅದೇ ವಾರ ನೀನು ಜೈಲಿನಲ್ಲಿ ಇಪ್ಪತ್ತೊಂದು ದಿನದ ಉಪವಾಸ ಕೂತಿದ್ದೆ. ಉಪವಾಸ ಮಾಡಿ ನಾಲ್ಕು ಇಂಚು ದಪ್ಪಗಾದವನನ್ನು ನನ್ನ ಐವತ್ತು ವರ್ಷದ ದರ್ಜಿ ಬಾಳಿನಲ್ಲಿ ನಿನ್ನೊಬ್ಬನನ್ನೇ ಕಂಡದ್ದು. ಆ ದಿನ ನಿನ್ನ ಮುಖಕ್ಕೆ ಟೇಪು ಎಸೆದು ಬರಬೇಕಿತ್ತು. ಬದಲಿಗೆ ಸೂಟು ಹೊಲಿದುಕೊಟ್ಟೆ, ನೀನು ಯಾರದೋ ಕೈಕಾಲು ಹಿಡಿದು ಅಣ್ಣನನ್ನು ಬಿಡಿಸಬಹುದು ಎಂಬ ದುರಾಸೆಯಿಂದ.

ಎರಡು ವರ್ಷ ಎಂಟು ತಿಂಗಳು. ಹೊಸ ಸರಕಾರ ಬಂದು ಜೈಲಿನ ಬಾಗಿಲು ತೆಗೆಸಿದಾಗ ನಿಮ್ಮಣ್ಣ ಒಬ್ಬರೇ ನಡೆದು ಬಂದರು. ಅದೇ ಬೂದು ಕೋಟು, ಕಚ್ಚಾ ಹೊಲಿಗೆಯ ತೋಳು ಎಲ್ಲೋ ಕಳಚಿಹೋಗಿತ್ತು. ಮನೆಯಲ್ಲಿದ್ದ ಯಾವ ಅಂಗಿಯೂ ಅವರ ಮೈಮೇಲೆ ನಿಲ್ಲಲಿಲ್ಲ. ಹೊಸದು ಹೊಲಿಯಲೆಂದು ಟೇಪು ಹಿಡಿದೆ. ಎದೆ ಮೂವತ್ತೆರಡು. ಸೊಂಟ ಇಪ್ಪತ್ತಾರು. ಆ ಸಾಲನ್ನೂ ತಾರೀಖು ಹಾಕಿ ಅಳತೆ ಪುಸ್ತಕದಲ್ಲಿ ಬರೆದೆ. ಕೋಟನ್ನು ಬಿಚ್ಚಿ ಮಗಳಿಗೆ ಶಾಲೆಯ ಫ್ರಾಕು ಹೊಲಿದರು ಅವರು.

ಅದೇ ವಾರ ನೀನೂ ಬಂದೆ. ಅಣ್ಣನ ಹೆಸರನ್ನು ಅಣ್ಣನಿಗೆ ಮರಳಿಸಿ, ನಿನ್ನ ಹೆಸರನ್ನು ವಾಪಸು ತೆಗೆದುಕೊಂಡೆ. ಜೈಲಿನ ದಾಖಲೆಯಲ್ಲಿ ಇದ್ದದ್ದು ಆ ಹೆಸರೇ ತಾನೆ? ಜನ ನಿನ್ನನ್ನು ಹೆಗಲ ಮೇಲೆ ಹೊತ್ತರು. ನೀನು ‘ನಾನಲ್ಲ, ನಮ್ಮಣ್ಣ’ ಎನ್ನುತ್ತೀಯೆಂದು ನಾನು ಕಿಟಕಿಯಲ್ಲಿ ಕಾದೆ. ನೀನು ಕೈ ಬೀಸಿದೆ. ನಿಮ್ಮಣ್ಣ ಕೆಮ್ಮುತ್ತಾ, ‘ಹೋಗ್ಲಿ ಬಿಡೇ. ನಾಯಕನಾಗಿ ನಾಲ್ಕು ಜನಕ್ಕೆ ಒಳ್ಳೇದು ಮಾಡ್ಲಿ. ನೀನು ಬಾಯಿ ಬಿಡಬೇಡ’ ಅಂದು ಮಾತು ತೆಗೆದುಕೊಂಡರು. ನೀನು ಮಾಡಿದ ಒಳ್ಳೆಯದನ್ನೂ ನೋಡಿದೆ. ಒಂಬತ್ತನೇ ವರ್ಷ ದರ್ಜಿಗಳು ಮುಷ್ಕರ ಕೂತಾಗ ಕಾರ್ಮಿಕ ಮಂತ್ರಿಯಾಗಿ ಪೊಲೀಸರನ್ನು ಕಳಿಸಿದವನು ನೀನೇ. ಆ ಚಳಿಗಾಲವೇ ನಿಮ್ಮಣ್ಣ ತೀರಿಕೊಂಡರು. ಆಗಲೂ ನಾನು ಕೊಟ್ಟ ಮಾತು ಉಳಿಸಿಕೊಂಡೆ.

ನೀನು ನಿನ್ನ ಬಗ್ಗೆ ಎಷ್ಟು ಬೇಕಾದರೂ ಬುರುಡೆ ಬಿಟ್ಟುಕೊಂಡಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ನೂರ ಹನ್ನೆರಡನೇ ಪುಟದಲ್ಲಿ ಮೂರು ಸಾಲು ಬರೆದೆ. ‘ನನ್ನ ಅಣ್ಣ ಸಾಧು ಸ್ವಭಾವದವನು. ನಾನು ಸೆರೆಮನೆಯಲ್ಲಿದ್ದಾಗ ಹೆದರಿ ಊರು ಬಿಟ್ಟು ಓಡಿಹೋಗಿದ್ದ. ನಾನು ಅವನನ್ನು ಎಂದೋ ಕ್ಷಮಿಸಿದ್ದೇನೆ.’

ಕ್ಷಮಿಸಿದ್ದೀಯ! ನೀನು, ಅವರನ್ನು!

ಮಗಳು ಆ ಪುಟ ತೆರೆದು ತಂದು ನನ್ನ ಮೆಷಿನ್ ಮೇಲಿಟ್ಟಳು. ಅಪ್ಪ ಜೈಲಿಗೆ ಹೋದಾಗ ಅವಳಿಗೆ ಮೂರು ವರ್ಷ. ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದರು ಎಂದೇ ನಂಬಿಸಿದ್ದೆ. ಈಗ ಅವಳೇ ಶಾಲೆಯಲ್ಲಿ ಚರಿತ್ರೆ ಪಾಠ ಮಾಡುವವಳು. ‘ಅಮ್ಮ, ಅಪ್ಪ ಓಡಿಹೋಗಿದ್ರಾ?’ ಅಂದಳು. ಸತ್ತವರಿಗೆ ಕೊಟ್ಟ ಮಾತು ದೊಡ್ಡದೋ, ಅವರ ಮಗಳ ಮುಖ ದೊಡ್ಡದೋ ಎಂದು ಯೋಚಿಸಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಳತೆ ಪುಸ್ತಕ ತೆಗೆದು ಎಲ್ಲವನ್ನೂ ಹೇಳಿದೆ. ಆ ಸಾಲುಗಳ ಮೇಲೆ ಅವಳು ಬೆರಳಾಡಿಸಿದಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಜೆ ಹೊರಗೆ ಬಂದು, ‘ಭಾನುವಾರ ನಾನೂ ಬರ್ತೀನಿ’ ಅಂದಳು.

ನಿನ್ನ ಕೋಟು ಮುಗಿದಿದೆ. ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ಇಷ್ಟು ಅಚ್ಚುಕಟ್ಟಾದ ಕೆಲಸ ನಾನು ಈಚಿನ ವರ್ಷಗಳಲ್ಲಿ ಮಾಡಿಲ್ಲ. ಗುಂಡಿ ತೂರಿಸುವ ಕಾಜಾಗಳನ್ನು ಕೈಯಲ್ಲೇ ಹೊಲಿದಿದ್ದೇನೆ, ಎರಡು ತೋಳನ್ನೂ ಗಟ್ಟಿಯಾಗಿ ಕೂಡಿಸಿದ್ದೇನೆ. ನೀನು ಹೇಳಿದಂತೆಯೇ ಅಳತೆಯನ್ನು ಪುಸ್ತಕದಿಂದಲೇ ತೆಗೆದುಕೊಂಡೆ. ಜೈಲಿನಿಂದ ಹೊರಗೆ ಬಂದವರ ಅಳತೆ ಅದರಲ್ಲಿ ಒಂದೇ ಇದೆ. ಎದೆ ಮೂವತ್ತೆರಡು, ಸೊಂಟ ಇಪ್ಪತ್ತಾರು. ಒಳಗೆ ಚೀಟಿಯನ್ನೂ ಚುಚ್ಚಿದ್ದೇನೆ. ಈ ಸಲ ಅದರಲ್ಲಿ ನಿಮ್ಮಣ್ಣನ ಹೆಸರಿದೆ.

ಹಾಕಿಕೊಂಡು ಬಾ. ನಾನೂ ಮಗಳೂ ಮೊದಲ ಸಾಲಿನಲ್ಲಿ ಕೂತಿರುತ್ತೇವೆ, ಅಳತೆ ಪುಸ್ತಕ ನನ್ನ ಮಡಿಲಲ್ಲಿರುತ್ತದೆ. ಗುಂಡಿ ಕೂಡದಿದ್ದರೆ ಯಾಕೆಂದು ಸಭೆಗೆ ನೀನೇ ಹೇಳು. ನೀನು ಹೇಳದಿದ್ದರೆ ನಾನು ಎದ್ದು ನಿಂತು ಹೇಳುತ್ತೇನೆ. ನನ್ನ ಬಾಯಲ್ಲಿ ಈಗ ಸೂಜಿಗಳಿಲ್ಲ.

ದೇವರು ನಿನಗೆ ನೂರು ವರ್ಷ ಆಯುಸ್ಸು ಕೊಡಲಿ, ಅಷ್ಟು ವರ್ಷವೂ ಈ ಕೋಟು ನಿನ್ನ ಕಪಾಟಿನಲ್ಲಿ ನೇತಾಡುತ್ತಿರಲಿ.

ನಿನ್ನ ಅತ್ತಿಗೆ,
ಜೈಲಿಗೆ ಹೋದವರ ಹೆಂಡತಿ