ಒಪ್ಪಿಗೆ ಪತ್ರದ ಜೊತೆಗೆ

ಅಹ್ಮದಿ, ನವೆಂಬರ್ ೧೮

ಶ್ರೀ ಮಕರಂದ್ ಅವರಿಗೆ ನಮಸ್ಕಾರ.

ಶ್ರಾವಣಿ ನಿಮ್ಮನ್ನು ಮದುವೆಯಾದ ಮೇಲೆ ನಾನು ನಿಮಗೆ ಬರೆಯುತ್ತಿರುವುದು ಇದೇ ಮೊದಲು. ನೀವಿಬ್ಬರೂ ಮಕ್ಕಳನ್ನು ಮೂರು ವಾರ ಸ್ಕೀಯಿಂಗ್‌ಗೆಂದು ಜಾರ್ಜಿಯಾಕ್ಕೆ ಕರೆದೊಯ್ಯಲು ನನ್ನ ಒಪ್ಪಿಗೆ ಬೇಕೆಂದಳು. ಸಹಿ ಹಾಕಿ ಇದರೊಂದಿಗೆ ಇಟ್ಟಿದ್ದೇನೆ.

ಡಿಸೆಂಬರ್ ಆರಂಭದಲ್ಲಿ ಅಲ್ಲಿ ಹಿಮ ಇನ್ನೂ ತೆಳುವಾಗಿರುತ್ತದೆಯಂತೆ. ಹೊರಗೆ ಆಡಲಾಗದ ದಿನಗಳಿಗೆ ಬಣ್ಣದ ಪೆನ್ಸಿಲ್ ಒಯ್ಯಿರಿ. ಧೃತಿಗೆ ಬೇಗ ಕಿವಿನೋವು ಬರುತ್ತದೆ, ಟೋಪಿ ಕಿತ್ತೆಸೆದರೂ ಮತ್ತೆ ಹಾಕಿ. ನೀಲ್ ಧೈರ್ಯವಂತನಂತೆ ಕಾಣುತ್ತಾನೆ, ಆದರೆ ಎತ್ತರವೆಂದರೆ ಅವನಿಗೆ ಭಯ. ಕೇಬಲ್ ಕಾರಿನಲ್ಲಿ ಅವನು ಕೇಳದಿದ್ದರೂ ಕೈ ಹಿಡಿದುಕೊಳ್ಳಿ.

ಶುಕ್ರವಾರ ಇಬ್ಬರಿಗೂ ಜಾಕೆಟ್ ಕೊಡಿಸಿದೆ. ಕನ್ನಡಿಯ ಮುಂದೆ ಕುಣಿಯುತ್ತಿದ್ದ ಧೃತಿ ತಿರುಗಿ, "ಅಪ್ಪಾ, ವೇರ್ ಈಸ್ ಯುವರ್ ಜಾಕೆಟ್?" ಎಂದಳು.

"ನಂಗೆ ಇಲ್ಲೇ ಡ್ಯೂಟಿ ಇದೆ ಪುಟ್ಟಿ," ಎಂದೆ.

"ಧೃತಿ, ಖಲಾಸ್!" ಎಂದು ಇಲ್ಲಿನ ಅರಬ್ಬಿಯಲ್ಲಿ ಸಾಕುಮಾಡಲು ಹೇಳಿ ನೀಲ್ ತಂಗಿಯ ಭುಜ ಹಿಡಿದು ಆಚೆ ಕರೆದೊಯ್ದ. ಅವನಿಗಿನ್ನೂ ಏಳು ವರ್ಷ.

ನಿಜ ಹೇಳಬೇಕೆಂದರೆ, ಮಕ್ಕಳು ನನ್ನ ಬಳಿ ಇರುತ್ತಾರೆಂದು ಡಿಸೆಂಬರಿಗೆ ರಜೆ ಹಾಕಿದ್ದೆ. ಇವತ್ತು ಅದನ್ನು ವಾಪಸು ಪಡೆದೆ. ದಿನವೂ ಫೋನ್ ಮಾಡಿಸಬೇಕೆಂದಿಲ್ಲ, ಆಡಿ ದಣಿದಿರುತ್ತಾರೆ.

ಇನ್ನೊಂದು ಮಾತು. ಅಲ್ಲಿ ಸ್ಕೀ ಕಲಿಸುವವರು ನಿಮ್ಮನ್ನೇ ಅವರ ಅಪ್ಪ ಎಂದುಕೊಳ್ಳಬಹುದು. ದಯವಿಟ್ಟು ತಿದ್ದಬೇಡಿ. ಗೊತ್ತಿಲ್ಲದವರ ಮುಂದೆ ನಿಂತು ಅದನ್ನೆಲ್ಲ ವಿವರಿಸುವುದು ಮಕ್ಕಳಿಗೆ ಕಷ್ಟ.

ಇಂತು,
ಶ್ರೀವತ್ಸ