ಮೂರು ರವಿವಾರದ ಆಮೆನ್

ಬೆಟಗೇರಿ
ಶನಿವಾರ, 15 ಜೂನ್ 2024

ಪ್ರೀತಿಯ ಅವ್ವನಿಗೆ ನಿನ್ನ ರೋಜಾ ಮಾಡುವ ವಂದನೆಗಳು.

ದಿನಾ ಫೋನ್ ಮಾಡುವವಳು ಇದೇನು ಕಾಗದ ಬರೆದಳು ಎಂದು ಗಾಬರಿಯಾಗಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದೊಡನೆ ನನಗೆ ಸುಳ್ಳು ಹೇಳುವುದು ಸಲೀಸಾಗುತ್ತದೆ. ಅವ್ವಾ, ಹೊಟ್ಟೆಯಲ್ಲಿದ್ದ ಕೂಸು ಹೋಯಿತು. ಮೇ ಇಪ್ಪತ್ಮೂರಕ್ಕೆ, ಗುರುವಾರ. ಮೊನ್ನೆ ನೀನು ಮುಂಡರಗಿಯಿಂದ "ಹುಳಿ ತಿನ್ನಾಕ ಮನಸಾಗತೈತೇನು?" ಎಂದು ಕೇಳಿದಾಗ ಹೂಂ ಎಂದೆನಲ್ಲ, ಅಷ್ಟೊತ್ತಿಗೆ ಮೂರು ವಾರವಾಗಿತ್ತು. ನೀನು ಮಾವಿನಕಾಯಿ ಕಳಿಸಿಯೂ ಬಿಟ್ಟೆ. ನಾಚಿಕೆಗೆ ಒಂದನ್ನೂ ಹೆಚ್ಚಲಾಗಲಿಲ್ಲ.

ಮದುವೆಯಾಗಿ ಆರು ವರ್ಷದ ಮೇಲೆ ಬಸಿರಿನ ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಕಂಡ ವಾರವೇ ಚರ್ಚಿನಲ್ಲಿ ದೇವರ ಉಪಕಾರಕ್ಕೆ ಸಾಕ್ಷಿ ಹೇಳಲು ಎದ್ದು ನಿಂತವಳು ನಾನು. ಮೂರು ತಿಂಗಳು ತುಂಬಲಿ ಎಂದು ನಿನ್ನ ಅಳಿಯ ಸುದೀಪ ಮನೆಯಲ್ಲೇ ಹೇಳಿದ್ದರು. ನಾನು ಕೇಳಬೇಕಲ್ಲ. ವಿಶ್ವಾಸ ಇಲ್ಲದವರು ತಿಂಗಳು ಎಣಿಸಲಿ ಎಂದು ಮೈಕಿನಲ್ಲೇ ಅಂದೆ. ಗಟ್ಟಿಯಾಗಿ ನಂಬಿದವರಿಗೆ ದೇವರು ಇಲ್ಲ ಅನ್ನುವುದಿಲ್ಲ ಎಂದೂ ಅಂದೆ. ಮುಂದಿನ ಬೆಂಚಿನಲ್ಲೇ ಸೀಮಾ ಕೂತಿದ್ದಳು. ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿಲ್ಲ. ಅವಳು ತಲೆ ತಗ್ಗಿಸಿದ್ದು ನನಗೆ ಕಂಡಿತ್ತು ಅವ್ವಾ. ಆದರೂ ಮಾತು ನಿಲ್ಲಿಸಲಿಲ್ಲ.

ಅಂದಿನಿಂದ ಪ್ರತಿ ರವಿವಾರ ಪಾಸ್ಟರ್ ನನ್ನ ಹೆಸರು ಹಿಡಿದು, ಹೊಟ್ಟೆಯಲ್ಲಿರುವ ಕೂಸನ್ನು ಕಾಪಾಡು ಎಂದು ಪ್ರಾರ್ಥಿಸುತ್ತಾರೆ. ಎಲ್ಲರೂ ಆಮೆನ್ ಅನ್ನುತ್ತಾರೆ. ಕೂಸು ಹೋದ ಮೇಲೂ ಮೂರು ರವಿವಾರ ನಾನೂ ಆಮೆನ್ ಅಂದೆ. ಎಲ್ಲರಿಗಿಂತ ದೊಡ್ಡ ದನಿ ಸೀಮಾಳದ್ದು. ಕಳೆದ ವಾರ ನನ್ನ ಕೈ ಹಿಡಿದು, "ಮೆಟ್ಟಲಾ ಸಾವಕಾಶ ಇಳಿಯವ್ವಾ" ಎಂದಳು. ಇಳಿದೆ.

ಕೂಸು ಹೋದದ್ದನ್ನು ಸಭೆಯಲ್ಲಿ ಹೇಳಿದರೆ ದೇವರ ಹೆಸರು ಕೆಡುತ್ತದೆ ಎಂದು ಸುದೀಪ ಅವರ ಮುಂದೆ ವಾದ ಹೂಡಿದ್ದೆ. ಅವರು ಶಾಂತವಾಗಿ, "ದೇವರ ಮರ್ಯಾದಿ ದೇವರು ನೋಡ್ಕೋತಾನ. ನೀ ನಿನ್ನ ಮರ್ಯಾದಿಗೆ ಅಂಜಾಕತ್ತಿ" ಎಂದರು. ಎರಡು ದಿನ ಅವರೊಂದಿಗೆ ಮಾತು ಬಿಟ್ಟೆ. ಆದರೆ ಅವರಂದಿದ್ದು ಖರೆ. ಆವತ್ತು ನಾನು ನಂಬಿದ್ದು ದೇವರನ್ನೋ ಎರಡು ಗೆರೆಯನ್ನೋ, ಈಗ ಗೊತ್ತಾಗುತ್ತಿಲ್ಲ.

ಕೂಸು ಹೋದಾಗಿನಿಂದ ಬೈಬಲ್ ತೆರೆದಿಲ್ಲ. ನಿನ್ನೆ ರೊಟ್ಟಿ ಬಡಿಯುತ್ತ ಇದ್ದಕ್ಕಿದ್ದಂತೆ, "ತಂದೀ, ನನಗ ನಿನ್ನ ಮ್ಯಾಲೆ ಭಾಳ ಸಿಟ್ಟು ಬಂದೈತಿ" ಎಂದುಬಿಟ್ಟೆ. ಇಷ್ಟು ದಿನದಲ್ಲಿ ನಾನು ಸುಳ್ಳಿಲ್ಲದೆ ಮಾಡಿದ ಪ್ರಾರ್ಥನೆ ಅದೊಂದೇ. ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಕೇಳುವವನು ಇದ್ದಾನೆ ಅನ್ನಿಸಿತು, ರೊಟ್ಟಿಯೂ ಬಾಯಿಗೆ ಸೇರಿತು.

ನಾಳೆ ಸಭೆಯಲ್ಲಿ ಎದ್ದು ನಿಂತು ಎಲ್ಲ ಹೇಳುತ್ತೇನೆ. ನನ್ನ ಮೇಲೆ ಬೇಜಾರು ಮಾಡಿಕೋ, ಬೈಯಿ, ಪ್ರಾರ್ಥನೆ ಮಾತ್ರ ಬಿಡಬೇಡ.

ನಿನ್ನ ಸುಳ್ಳುಬುರುಕಿ ಮಗಳು,
ರೋಜಾ

ತಾ.ಕ.: ರವಿವಾರ ಮಧ್ಯಾಹ್ನ. ಹೇಳಿದೆ ಅವ್ವಾ. ಎಲ್ಲರೂ ಅತ್ತರು. ಸೀಮಾ ಎದ್ದು ಬಂದು ತಬ್ಬಿಕೊಂಡಳು. ಅಷ್ಟರಲ್ಲಿ ಪಾಸ್ಟರ್, "ಯಾವಾಗ ಆತವ್ವಾ ಇದು?" ಎಂದು ಕೇಳಿದರು. "ಮೊನ್ನೆ ಗುರುವಾರ್ರಿ" ಎಂದು ಮೂರು ವಾರ ನುಂಗಿಬಿಟ್ಟೆ. ಗಂಡಸರ ಸಾಲಿನಲ್ಲಿ ಸುದೀಪ ನೆಲ ನೋಡುತ್ತ ಕೂತರು. ಖರೆ ತಾರೀಖು ಗೊತ್ತಿರುವುದು ದೇವರಿಗೆ, ನಮ್ಮಿಬ್ಬರಿಗೆ, ಈಗ ನಿನಗೆ. ಮುಂದಿನ ರವಿವಾರ ಮತ್ತೆ ಎದ್ದು ನಿಲ್ಲಬೇಕು. ನೀನು ಬಂದು ನನ್ನ ಪಕ್ಕದಲ್ಲಿ ಕೂಡು.