ಶನಿವಾರದ ಸವಾರಿ

ಏಪ್ರಿಲ್ 27, ಶನಿವಾರ

ಬ್ಯಾಟರಿ ಚಾರ್ಜ್ ಆಯಿತು. ಎಣ್ಣೆ ಬದಲಾಯಿತು. ನಾಲ್ಕು ಟೈರಿಗೂ ಗಾಳಿ. ಗಜರಾಜರು ಆರು ತಿಂಗಳ ಚಳಿನಿದ್ದೆಯಿಂದ ಕಣ್ಣು ಬಿಟ್ಟಿದ್ದಾರೆ. ಬಹುಪರಾಕ್!

ಮುಂದಿನ ಇತಿಹಾಸಕಾರರ ಅನುಕೂಲಕ್ಕಾಗಿ: ಗಜರಾಜ ಎಂದರೆ ಮೇಲೆ ಕೂತು ಹುಲ್ಲು ಕತ್ತರಿಸುವ ನಮ್ಮ ಗಾಡಿ. ಕೆಂಪು ಬಣ್ಣ, ವಯಸ್ಸು ಹದಿನಾಲ್ಕು. ಮಹಾರಾಣಿ ಎಂದರೆ ಅಮ್ಮ, ಮಾರ್ಲಿಸ್ ಹೋವ್ಲಂಡ್. ಮಾವುತ ನಾನು, ಸಿಗ್ನೆ, ಹತ್ತೊಂಬತ್ತು. ಮಾವುತನಿಗೆ ಆನೆ ಏರುವ ಅಧಿಕಾರವಿಲ್ಲ. ತೊಳೆಯುವುದು, ತಿನ್ನಿಸುವುದು ಮಾತ್ರ.

ಮಹಾರಾಣಿ ಗರಾಜ್ ಬಾಗಿಲಲ್ಲಿ ಅಡುಗೆಮನೆ ಕುರ್ಚಿ ಹಾಕಿಸಿಕೊಂಡು, ತನ್ನ ಹಳೇ ಕ್ಯಾನ್ವಾಸ್ ಜಾಕೆಟ್ ಹೊದ್ದು, ವಾರ್ಷಿಕ ಪರೀಕ್ಷೆ ನಡೆಸಿದಳು.

“ಬ್ಲೇಡ್ ಮುಟ್ಟೋಕೆ ಮುಂಚೆ?”

“ಸ್ಪಾರ್ಕ್ ಪ್ಲಗ್ ತಂತಿ ಕಿತ್ತಿಡಬೇಕು, ಮಹಾಪ್ರಭು.”

“ಪೆಟ್ರೋಲ್?”

“ಎಂಜಿನ್ ತಣ್ಣಗಿದ್ದಾಗ. ಹೊರಗಡೆ, ಬಯಲಲ್ಲಿ.”

“ಇಳಿಜಾರು?”

“ಮೇಲೆ ಕೆಳಗೆ ಮಾತ್ರ. ಅಡ್ಡ ಹೋದ್ರೆ ಮಗುಚ್ಕೊಳ್ಳುತ್ತೆ. ಆಮೇಲೆ ಸಿಗ್ನೆ ಚಟ್ನಿ.”

“ತಲೆಹರಟೆ. ಕೆಳಗೆ ಇಳಿಯೋದು ಯಾವಾಗ?”

“ಬ್ಲೇಡ್ ಆಫ್, ಬ್ರೇಕ್, ಕೀ. ಎಲ್ಲಾ ಪೂರ್ತಿ ನಿಂತ್ಮೇಲೆ.”

ಪಾಸು. ಹನ್ನೆರಡನೆಯ ವಯಸ್ಸಿನಿಂದ ಇದೇ ಪ್ರಶ್ನೆಪತ್ರಿಕೆ.

ನನ್ನ ಪೂರ್ವಾಪರಾಧಗಳನ್ನೂ ಓದಿ ಹೇಳಿದಳು. ಒಂದು: ಎರಡು ವರ್ಷದ ಹಿಂದೆ ಗಾಡಿಯ ಮುಚ್ಚಳದಡಿ ರಬ್ಬರ್ ಹಾವು. (ಹಾವು ಮುಟ್ಟುಗೋಲು. ಇಂದಿಗೂ ಪತ್ತೆಯಿಲ್ಲ.) ಎರಡು: ಕಳೆದ ವರ್ಷ ಸೀಟಿನಡಿಯ ಸ್ವಿಚ್ಚಿನ ಪ್ಲಗ್ ಕಿತ್ತಿಟ್ಟದ್ದು. ಸೀಟಿನ ಮೇಲೆ ಯಾರೂ ಇಲ್ಲವೆಂದು ತಿಳಿದು ಗಾಡಿ ಒಂದು ಗಂಟೆ ಕಾಲ ಶುರುವಾಗಲಿಲ್ಲ. ಅಮ್ಮ ಪಾದ್ರಿ ಕೇಳಬಾರದ ಮಾತುಗಳನ್ನು ಆಡಿದಳು. ನಾನು ಪೊದೆಯ ಹಿಂದೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಫೆಬ್ರವರಿಯಲ್ಲಿ ಅಮ್ಮ ಡಾಕ್ಟರಿಗೆ ‘ಸಾಕು’ ಎಂದಳು. ಮೂರು ಸುತ್ತು ಕೀಮೋ ಆಗಿದೆ, ನಾಲ್ಕನೆಯದು ಬೇಡ. ಶಾಲೆಯ ಅಡುಗೆಮನೆ ಕೆಲಸ ಬಿಟ್ಟಾಯಿತು. ಕಾರು ಬಿಟ್ಟಾಯಿತು. ಕಾಫಿ ಒಗ್ಗುತ್ತಿಲ್ಲ.

“ಶನಿವಾರದ ಹುಲ್ಲು ಮಾತ್ರ ನಂದು,” ಎಂದಳು. “ಅದಕ್ಕೆ ಕೈ ಹಾಕಿದ್ಯೋ, ನೋಡು.”

ಹಾಕುವುದಿಲ್ಲ.

ಮೇ 11, ಶನಿವಾರ

ವರ್ಷದ ಮೊದಲ ಸವಾರಿ. ರಾಜಬೀದಿ ಗುಡಿಸಿದೆ — ಕಡ್ಡಿ, ಕಲ್ಲು, ಒಂದು ಟೆನಿಸ್ ಚೆಂಡು, ಎದುರುಮನೆಯ ಡ್ವೇನ್ ಮಾಮನ ನಾಯಿ ಬಿಟ್ಟುಹೋದ ಎಲುಬು. ಬ್ಲೇಡಿಗೆ ಸಿಕ್ಕಿದರೆ ಎಲುಬೂ ಗುಂಡಿನಂತೆ ಹಾರುತ್ತದೆ.

ನೋವಿನ ಗುಳಿಗೆ ಬೆಳಿಗ್ಗೆ ಎಂಟಕ್ಕೆ. ಅಮ್ಮ ನುಂಗಲಿಲ್ಲ. ಸೀಸೆಯ ಮೇಲೆ ಬರೆದಿದೆಯಂತೆ: ಇದನ್ನು ತೆಗೆದುಕೊಂಡು ಯಂತ್ರ ನಡೆಸಬಾರದು. “ಓದೋಕೆ ಬರುತ್ತೆ ನಂಗೆ,” ಎಂದಳು. ಹುಲ್ಲು ಮುಗಿಸಿ, ಹನ್ನೊಂದಕ್ಕೆ ನುಂಗಿದಳು. ಮೂರು ಗಂಟೆ ತಡ. ಹಲ್ಲು ಕಚ್ಚಿಕೊಂಡು ಓಡಿಸುತ್ತಿದ್ದಳು. ಗೆರೆಗಳು ಮಾತ್ರ ದಾರ ಹಿಡಿದು ಎಳೆದಂತೆ ನೇರ.

ಒಪ್ಪಂದ: ಮನೆ ಮುಂದಿನ ಸಮತಟ್ಟು ಅವಳದು. ಹಿತ್ತಲು, ಚರಂಡಿ ಇಳಿಜಾರು ನನ್ನದು. ಮಾವುತನಿಗೆ ಬಡ್ತಿ. ಖುಷಿ ಪಡಬೇಕಿತ್ತು.

ಮೇ 18, ಶನಿವಾರ

ಗಜರಾಜರು ಇಂದು ಐದು ಸಲ ನಿಂತರು. ಸ್ಪ್ರೂಸ್ ಮರದ ಹತ್ತಿರ ಬೇರಿನ ಉಬ್ಬು ಇದೆಯಲ್ಲ, ಅಲ್ಲಿ ಗಾಡಿ ಎಗರಿದಾಗಲೆಲ್ಲ ಎಂಜಿನ್ ಪ್ರಾಣ ಬಿಡುತ್ತದೆ.

“ಏ ಕೋತಿ! ಸೀಟಿನ ಪ್ಲಗ್ ಸಡಿಲ ಮಾಡಿದ್ಯಾ?”

“ಇಲ್ಲಮ್ಮ.”

“ಸಿಗ್ನೆ.”

“ಆಣೆಗೂ ನಾನೇನೂ ಮಾಡಿಲ್ಲ!”

“ಹೋದ್ ವರ್ಷಾನೂ ಇದೇ ಆಣೆ ಹಾಕಿದ್ದೆ.”

ಹಾಕಿದ್ದೆ. ಸೀಟು ಎತ್ತಿ ಪ್ಲಗ್ ಮುಟ್ಟಿ ನೋಡಿದೆ. ಬಿಗಿಯಾಗಿಯೇ ಇದೆ. ನಾನು ಹತ್ತಿದೆ. ಅದೇ ಉಬ್ಬಿನ ಮೇಲೆ ನಾಲ್ಕು ಸಲ ಹಾಯಿಸಿದೆ. ಘೀಳಿಡುತ್ತ ಓಡಿತು. ಅಮ್ಮ ಹತ್ತಿದಳು, ನಿಂತಿತು.

ಅಮ್ಮ ಇಳಿದು ಒಳಗೆ ಹೋದಳು. ಅರ್ಧ ಲಾನ್ ಹಾಗೇ ಉಳಿದಿದೆ, ಕ್ಷೌರದ ಮಧ್ಯೆ ಎದ್ದು ಹೋದವನ ತಲೆಯಂತೆ. ಹದಿನಾಲ್ಕು ವರ್ಷದಲ್ಲಿ ಅವಳು ಅರ್ಧಕ್ಕೆ ಬಿಟ್ಟದ್ದು ಇದೇ ಮೊದಲು.

ಮೇ 20, ಸೋಮವಾರ, ಬೆಳಿಗ್ಗೆ 10

ಡ್ವೇನ್ ಮಾಮನನ್ನು ಕರೆತಂದೆ. ಊರಿನ ಎಂಜಿನ್‌ಗಳಿಗೆಲ್ಲ ಅವನೇ ವೈದ್ಯ. ಅಮ್ಮ ಮಲಗಿದ್ದಳು. ಮಾಮ ಸೀಟು ಎತ್ತಿ ನೋಡಿದ. ಕೂತ. ಎದ್ದ. ಅಂಗೈಯಿಂದ ಸೀಟು ಒತ್ತಿದ, ಬಿಟ್ಟ. ಆಮೇಲೆ ಟೋಪಿ ತೆಗೆದು ಅದರೊಳಗೆ ನೋಡುತ್ತ ನಿಂತ.

“ಸ್ವಿಚ್ ಚೆನ್ನಾಗೇ ಇದೆ.”

“ಮತ್ತೆ?”

“ಕೆಳಗೆ ಸ್ಪ್ರಿಂಗ್ ಇದೆ ನೋಡು. ಮೇಲೆ ಇಷ್ಟು ತೂಕ ಅಂತ ಇದ್ರೇನೇ ಅದು ಕೂರೋದು. ಕಡಿಮೆ ಇದ್ರೆ, ಗಾಡಿ ಸ್ವಲ್ಪ ಎಗರಿದ್ರೂ ಸಾಕು... ಸೀಟ್ ಮೇಲೆ ಯಾರೂ ಇಲ್ಲ ಅನ್ಕೊಳ್ಳುತ್ತೆ.”

ನನಗೆ ತಕ್ಷಣ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು.

ನಾವಿಬ್ಬರೂ ಗಾಡಿಯನ್ನೇ ನೋಡುತ್ತಿದ್ದೆವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಒಂದು ತುಂಡು ತಂತಿ ಹಾಕಿ ಸ್ವಿಚ್ ತಪ್ಪಿಸ್ಬಿಡು ಮಾಮ. ಅವಳಿಗೆ ಗೊತ್ತಾಗಲ್ಲ.”

ಮಾಮ ಕೂತು, ಎಡಗಾಲಿನ ಬೂಟು ಬಿಚ್ಚಿದ. ಕಾಲುಚೀಲ ತೆಗೆದ. ಎರಡು ಬೆರಳಿಲ್ಲ. ಇಷ್ಟು ವರ್ಷ ಎದುರುಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ.

“ಇದಕ್ಕೂ ಒಂದು ತುಂಡು ತಂತಿ ಸಾಕಾಯ್ತು.”

“ಸೀಟ್ ಮೇಲೆ ಇಟ್ಟಿಗೆ ಇಟ್ರೆ?”

“ಅದೂ ಅದೇನೇ. ಅವಳು ತಲೆ ತಿರುಗಿ ಬಿದ್ಲು ಅಂದ್ಕೋ. ಇಟ್ಟಿಗೆ ಅಲ್ಲೇ ಕೂತಿರುತ್ತೆ, ಬ್ಲೇಡ್ ತಿರುಗ್ತಾನೇ ಇರುತ್ತೆ. ತೂಕ ಅನ್ನೋದು ಅವಳ ಜೊತೆಗೇ ಬೀಳ್ಬೇಕಮ್ಮ.” ಬೂಟು ಹಾಕಿಕೊಂಡ. “ಅವಳಿಗೆ ಹೇಳೋದು ಬಿಡೋದು ನಿಂಗೆ ಬಿಟ್ಟಿದ್ದು.”

ಅದೇ ದಿನ, ಸಂಜೆ 4

ಕಾರು ಹೋಯಿತು, ಕೆಲಸ ಹೋಯಿತು. ಈಗ ಗಾಡಿಯೇ ‘ನೀನು ಇಲ್ಲಿ ಇಲ್ಲ’ ಎನ್ನುತ್ತಿದೆ ಎಂದು ಯಾವ ಬಾಯಿಂದ ಹೇಳಲಿ?

ಅಡುಗೆಮನೆಗೆ ಹೋದೆ. ತಲೆ ತಗ್ಗಿಸಿದೆ. ತಪ್ಪೊಪ್ಪಿಗೆ.

“ನಾನೇ ಅಮ್ಮ. ಪ್ಲಗ್ ಸಡಿಲ ಮಾಡಿದ್ದೆ.”

ಅಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ನಕ್ಕಳು. ಕೆಮ್ಮು ಬರುವಷ್ಟು ನಕ್ಕಳು.

“ಗೊತ್ತಿತ್ತು ನಂಗೆ! ಹುಟ್ಟುಗುಣ ಸುಟ್ರೂ ಹೋಗಲ್ಲ. ಒಂದು ತಿಂಗಳು ಪಾತ್ರೆ ನಿಂದೇ.”

“ಅಪ್ಪಣೆ.”

ಎಷ್ಟೋ ತಪ್ಪು ಮಾಡಿ ಇಲ್ಲವೆಂದಿದ್ದೇನೆ. ಮಾಡದ ತಪ್ಪನ್ನು ಒಪ್ಪಿಕೊಂಡದ್ದು ಇದೇ ಮೊದಲು. ಪಾತ್ರೆ ತೊಳೆಯುವಾಗ ನಲ್ಲಿ ಜೋರಾಗಿ ಬಿಟ್ಟುಕೊಂಡೆ.

ಮೇ 23, ಗುರುವಾರ

ಅಪ್ಪ ನಮ್ಮನ್ನು ಬಿಟ್ಟು ದೂರದ ಡುಲುತ್‌ಗೆ ಹೋಗುವಾಗ ಮರೆತದ್ದು ಎರಡು: ನನ್ನನ್ನು, ಮತ್ತು ಮೀನು ಹಿಡಿಯುವ ಡಬ್ಬಿಯನ್ನು. ಇಂದು ಡಬ್ಬಿ ತೆರೆದೆ. ದೊಡ್ಡ ಸರೋವರದಲ್ಲಿ ಗಾಳ ಮುಳುಗಿಸಲು ಕಟ್ಟುವ ಸೀಸದ ಗುಂಡುಗಳು. ಒಂದೊಂದೂ ಕಾಲು ಕಿಲೋ.

ಅಮ್ಮನ ಕ್ಯಾನ್ವಾಸ್ ಜಾಕೆಟ್. ಒಳಗಿನ ಲೈನಿಂಗ್ ಬಿಚ್ಚಿ, ಅಂಚಿನ ಸುತ್ತ ಹದಿನೆಂಟು ಗುಂಡು ಕೂರಿಸಿ ಹೊಲಿದೆ. ನೀಲಿ ದಾರ. ನನ್ನ ಹೊಲಿಗೆ ಕಂಡರೆ ದರ್ಜಿಗಳು ದಂಗೆ ಏಳುತ್ತಾರೆ. ಬೆರಳಿಗೆ ಏಳು ಸಲ ಚುಚ್ಚಿತು. ಡಬ್ಬಿಯಲ್ಲಿ ಇನ್ನೂ ಒಂದಿಷ್ಟು ಉಳಿದಿವೆ.

ಡ್ವೇನ್ ಮಾಮನಿಗೆ ತೋರಿಸಿದೆ. ಜಾಕೆಟ್ ಕೈಯಲ್ಲಿ ತೂಗಿ ನೋಡಿದ. “ಬಿದ್ರೆ ಅವಳ ಜೊತೇಲೇ ಬೀಳುತ್ತೆ,” ಎಂದ. ಅವನ ಬಾಯಲ್ಲಿ ಅದು ಸನ್ಮಾನಪತ್ರ.

ಮೇ 25, ಶನಿವಾರ

ಅವಳು ಹೊತ್ತು ನಡೆಯುವುದು ಬೇಡವೆಂದು ಜಾಕೆಟನ್ನು ಮೊದಲೇ ಸ್ಟೀರಿಂಗ್ ಮೇಲೆ ಹಾಕಿಟ್ಟಿದ್ದೆ. ಸೀಟಿಗೆ ಹತ್ತಿದ ಮೇಲೆ ತೊಡಿಸಿದೆ. ರಾಜಪೋಷಾಕು.

“ಯಾಕೇ ಇದು ಇಷ್ಟು ಭಾರ?”

“ಗರಾಜ್‌ನಲ್ಲಿ ತೇವ ಅಮ್ಮ. ಕ್ಯಾನ್ವಾಸ್ ನೀರು ಕುಡಿಯುತ್ತೆ.”

“ಓಹೋ.”

ಅಷ್ಟೇ. ಕೀ ತಿರುಗಿಸಿದಳು. ನಾನು ದೂರ ನಿಂತೆ — ಬ್ಲೇಡ್ ತಿರುಗುವಾಗ ಯಾರೂ ಹತ್ತಿರ ಇರಬಾರದು. ಅದಕ್ಕೆ ಮೂವತ್ತು ಅಡಿ ದೂರದಿಂದಲೇ ಪ್ರಾರ್ಥನೆ. ಬೇರಿನ ಉಬ್ಬು ಬಂತು. ಗಾಡಿ ಎಗರಿತು. ನಿಲ್ಲಲಿಲ್ಲ!

ಎದುರುಮನೆ ಮೆಟ್ಟಿಲ ಮೇಲೆ ಡ್ವೇನ್ ಮಾಮ ಟೋಪಿ ಎತ್ತಿದ. ಅಮ್ಮ ಮಹಾರಾಣಿಯಂತೆ ಕೈಬೀಸಿದಳು.

ಜೂನ್ 8, ಶನಿವಾರ

ಉಬ್ಬಿನ ಹತ್ತಿರ ಮತ್ತೆ ಒಮ್ಮೆ ನಿಂತಿತು.

“ಕೋತಿ!” ಎಂದು ಕೂಗಿದಳು.

“ನಾನೇ, ನಾನೇ!” ಎಂದು ಕೂಗಿದೆ.

ಇನ್ನೆರಡು ಗುಂಡು ಸೇರಿಸಬೇಕು. ಅವಳು ಮಧ್ಯಾಹ್ನ ನಿದ್ದೆ ಹೋದಾಗ.

ಜೂನ್ 12, ಬುಧವಾರ

ಅಮ್ಮ ನಿದ್ದೆ ಹೋಗುತ್ತಲೇ ಇಲ್ಲ. ದಾರದ ಡಬ್ಬಿ ಕೇಳಿದಳು. ಯಾವುದೋ ಗುಂಡಿ ಹೊಲಿಯಬೇಕಂತೆ. ನಾನು ಹೊಲಿಯುತ್ತೇನೆ ಎಂದೆ. “ನಿನ್ನ ಹೊಲಿಗೆ ನೋಡಿದ್ದೀನಿ ಕಣೆ,” ಎಂದಳು. ರೂಬಾರ್ಬ್ ಪೈ ತರಲು ನನ್ನನ್ನು ಅಂಗಡಿಗೆ ಅಟ್ಟಿದಳು. ತಂದೆ. ಒಂದು ಚಮಚ ತಿಂದಳು.

ಜೂನ್ 15, ಶನಿವಾರ

ಒಂದು ಸಲವೂ ನಿಲ್ಲಲಿಲ್ಲ. ನಾನು ಏನೂ ಸೇರಿಸಿರಲಿಲ್ಲ. ಅಮ್ಮನ ಮೈ ತುಂಬಿಕೊಳ್ಳುತ್ತಿದೆಯೇ? ಹಾಗಂತ ಬರೆಯಲೂ ಹೆದರಿಕೆ. ಆದರೂ ಬರೆದಿದ್ದೇನೆ.

ಜೂನ್ 22, ಶನಿವಾರ

ಮನೆ ಮುಂದಿನ ನಾಲ್ಕು ಗೆರೆ. ಅಷ್ಟೇ. ನಾಲ್ಕೂ ನೇರ.

ಬ್ಲೇಡ್ ಆಫ್. ಬ್ರೇಕ್. ಕೀ. ಎಲ್ಲ ಪೂರ್ತಿ ನಿಲ್ಲುವ ತನಕ ಕೂತೇ ಇದ್ದಳು. ನಿಂತ ಮೇಲೂ ಕೂತಿದ್ದಳು. ಆಮೇಲೆ ಕೀ ನನ್ನ ಕೈಗಿಟ್ಟಳು. ಪ್ರತಿ ಶನಿವಾರ ಅದನ್ನು ತನ್ನ ಜೇಬಿಗೆ ಹಾಕಿಕೊಳ್ಳುತ್ತಿದ್ದಳು.

“ಮುಂದಿನ ವಾರ ಬ್ಲೇಡ್ ಚೂಪು ಮಾಡ್ಸು.”

ಅಮ್ಮನನ್ನು ಎತ್ತಿ ಒಳಗೆ ತಂದೆ. ಜಾಕೆಟ್ ಗರಾಜ್‌ನಲ್ಲೇ ತೆಗೆದಿದ್ದೆ. ಅದಿಲ್ಲದೆ... ಬೇಡ, ಬರೆಯುವುದಿಲ್ಲ.

ಜೂನ್ 29, ಶನಿವಾರ

ಸವಾರಿ ಇಲ್ಲ.

ಜುಲೈ 13, ಶನಿವಾರ

ಮಂಗಳವಾರ ಬೆಳಿಗ್ಗೆ. ನಾನು ಪಕ್ಕದಲ್ಲೇ ಇದ್ದೆ.

ನಿನ್ನೆ ಅಂತ್ಯಕ್ರಿಯೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರಿಗೂ ಹ್ಯಾಮ್ ಸ್ಯಾಂಡ್‌ವಿಚ್, ಕಾಫಿ. ನನ್ನ ಕುಚೇಷ್ಟೆ ಬಲ್ಲ ಜನ ಕುರ್ಚಿಯಲ್ಲಿ ಕೂರುವ ಮೊದಲು ಕುರ್ಚಿ ನೋಡುತ್ತಿದ್ದರು, ಆಮೇಲೆ ನನ್ನನ್ನು. ನಾನು ಏನೂ ಇಟ್ಟಿರಲಿಲ್ಲ. ಕೆಲವರಿಗೆ ಅದೇ ಹೆಚ್ಚು ದುಃಖವಾದಂತೆ ಕಂಡಿತು.

ಜುಲೈ 27, ಶನಿವಾರ

ಹುಲ್ಲು ಮೊಣಕಾಲುದ್ದ. ಡ್ವೇನ್ ಮಾಮ ತನ್ನ ಗಾಡಿ ತರಲೇ ಎಂದ. ಬೇಡ ಎಂದೆ. ಚೂಪು ಮಾಡಿದ ಬ್ಲೇಡ್ ಕೊಟ್ಟು ಹೋದ.

ಸ್ಪಾರ್ಕ್ ಪ್ಲಗ್ ತಂತಿ ಕಿತ್ತು, ಬ್ಲೇಡ್ ಹಾಕಿದೆ. ತಂತಿ ಮತ್ತೆ ಸಿಕ್ಕಿಸಿದೆ. ಹುಲ್ಲು ಎತ್ತರ, ಮೊದಲ ಸುತ್ತಿಗೆ ಬ್ಲೇಡಿನ ಮಟ್ಟ ಮೇಲೆ. ತಣ್ಣನೆಯ ಎಂಜಿನ್‌ಗೆ ಪೆಟ್ರೋಲ್, ಬಯಲಲ್ಲಿ. ಪರೀಕ್ಷಕರಿಲ್ಲದ ಪರೀಕ್ಷೆ.

ಜಾಕೆಟ್ ಮೊಳೆಗೆ ನೇತಾಡುತ್ತಿತ್ತು. ಗುಂಡು ಬಿಚ್ಚಿ ಡಬ್ಬಿಗೆ ಹಾಕೋಣವೆಂದು ತೆಗೆದೆ. ಭಾರ. ನನ್ನ ಕೈ ನೆನಪಿಟ್ಟುಕೊಂಡದ್ದಕ್ಕಿಂತ ಭಾರ.

ಕತ್ತರಿ ತಂದೆ. ಎಣಿಸಿದೆ. ಮತ್ತೆ ಎಣಿಸಿದೆ. ಇಪ್ಪತ್ತೇಳು.

ನಾನು ಹೊಲಿದದ್ದು ಹದಿನೆಂಟು, ನೀಲಿ ದಾರ. ಉಳಿದ ಒಂಬತ್ತಕ್ಕೆ ಕಂದು ದಾರ. ಸಣ್ಣ ಹೊಲಿಗೆ, ಲಾನಿನ ಗೆರೆಗಳಂತೆ ನೇರ. ನನ್ನ ನೀಲಿ ಹೊಲಿಗೆ ಬಿಟ್ಟುಕೊಂಡಿದ್ದ ಮೂರು ಕಡೆ ಕಂದು ದಾರದಲ್ಲಿ ಮತ್ತೆ ಬಿಗಿದಿದ್ದಾಳೆ.

ಗೊತ್ತಿತ್ತು. ‘ಓಹೋ’ ಅಂದಾಗಲೇ ಗೊತ್ತಿತ್ತು. ಬಹುಶಃ ಅಡುಗೆಮನೆಯಲ್ಲಿ ಕೆಮ್ಮು ಬರುವಷ್ಟು ನಕ್ಕಾಗಲೂ. ತಾನು ಹಗುರಾಗಿರುವುದು ಅವಳಿಗೆ ತಿಳಿಯಬಾರದೆಂದು ನಾನು ಹೊಲಿದೆ. ಇನ್ನೂ ಹಗುರಾಗುತ್ತಿರುವುದು ನನಗೆ ತಿಳಿಯಬಾರದೆಂದು ಅವಳು ಹೊಲಿದಳು.

ಬೆನ್ನಿನ ಕಡೆ ಇನ್ನೊಂದು ಗಂಟು. ಮೆತ್ತಗೆ, ಉದ್ದಕ್ಕೆ. ಕೈ ಹಾಕಿದೆ. ಸುತ್ತಿಕೊಂಡಿತ್ತು. ಎಳೆದೆ—

ನನ್ನ ಕಿರುಚಾಟಕ್ಕೆ ಡ್ವೇನ್ ಮಾಮ ಕುಂಟುತ್ತ ರಸ್ತೆ ದಾಟಿ ಓಡಿ ಬಂದ.

“ಏನಾಯ್ತೇ? ಬೆರಳಾ? ಬೆರಳು ಇದ್ಯಾ?”

“ಹಾವು.”

ಮಾಮ ಬಗ್ಗಿ ನೋಡಿದ. ಬೂಟಿನಿಂದ ಮೆಲ್ಲಗೆ ತಟ್ಟಿದ.

“ರಬ್ಬರಿಂದು.”

“ಗೊತ್ತು ಮಾಮ.”

“ಎರಡು ವರ್ಷ ಎತ್ತಿಟ್ಟಿದ್ಲಾ?”

“ಹೂಂ.”

“ಮಾರ್ಲಿಸ್!” ಎಂದ, ಅವಳು ಅಲ್ಲೇ ಎಲ್ಲೋ ಪೊದೆಯ ಹಿಂದೆ ಇದ್ದಂತೆ. ಟೋಪಿ ತೆಗೆದು ಮುಖಕ್ಕೆ ಹಿಡಿದುಕೊಂಡ. ಗರಾಜ್ ನೆಲದ ಮೇಲೆ ಕೂತು ನಾನು ನಕ್ಕೆ. ಯಾವ ಗಳಿಗೆಯಲ್ಲಿ ಅದು ನಗು ಅಲ್ಲದಾಯಿತೋ ಗೊತ್ತಿಲ್ಲ. ಮಾಮ ಕಾದ. ಆಮೇಲೆ ಹಾವನ್ನು ಮೊಳೆಗೆ ನೇತುಹಾಕಿ ಹೋದ.

ಬಿಚ್ಚಿದ್ದನ್ನು ಹಾಗೇ ಪಿನ್ನು ಹಾಕಿ, ಜಾಕೆಟ್ ತೊಟ್ಟೆ. ಇಪ್ಪತ್ತೇಳೂ ಗುಂಡು ಇದ್ದವು. ಹತ್ತಿದೆ. ಒಂದೇ ಸಲಕ್ಕೆ ಶುರು. ಮನೆ ಮುಂದಿನ ಅಂಗಳದಲ್ಲಿ ಹೋದೆ, ಬಂದೆ. ಗೆರೆ ಸೊಟ್ಟ.

ಬೇರಿನ ಉಬ್ಬಿನ ಹತ್ತಿರ ನಿಧಾನ ಮಾಡಿ, ಬೇಕೆಂದೇ ಸೀಟಿನಿಂದ ಒಂದು ಗೇಣು ಮೇಲೆದ್ದೆ. ನಿಂತಿತು. ಬ್ಲೇಡೂ ನಿಂತಿತು. ಊರೇ ನಿಂತಂತೆ ಸದ್ದಡಗಿತು.

“ಅಮ್ಮ,” ಎಂದೆ. “ಈ ಸಲ ನಿಜವಾಗ್ಲೂ ನಾನೇ.”

ಕಿಟಕಿಯಿಂದ ಯಾರೂ ಕೋತಿ ಎನ್ನಲಿಲ್ಲ.

ಹಿತ್ತಲು ಉಳಿದಿದೆ. ನೀರು ಕುಡಿಯಲು ಒಳಗೆ ಬಂದವಳು ಇದನ್ನು ಬರೆಯುತ್ತ ಕೂತೆ. ಏಳಬೇಕು. ಮೊದಲು ಕಡ್ಡಿ ಹೆಕ್ಕಬೇಕು, ಆಮೇಲೆ ಕಲ್ಲು, ನಾಯಿಯ ಎಲುಬು, ಆಮೇಲೆ ಸವಾರಿ.